ದಡದಲ್ಲಿ ಈಜಿನ ಪರೀಕ್ಷೆ!



ಊರಿನಲ್ಲಿ ಬಿ.ಎಡ್. ಮುಗಿಸಿ ಬಹರೈನ್‌ನ ಭಾರತೀಯ ಶಾಲೆಗಳಲ್ಲಿ ಪಾಠ ಹೇಳುವ ಸೋದರಿಯರು ನಮ್ಮ ನಡುವೆ ಇದ್ದಾರೆ. ಎನ್.ಸಿ.ಟಿ.ಇ.ಯ 2014ರ ನಿಯಮದಂತೆ ಬಿ.ಎಡ್. ಎರಡು ವರ್ಷದ್ದಾಯಿತು, ಕಂಪ್ಯೂಟರ್ ಬಳಕೆಯೂ ಪಠ್ಯಕ್ರಮದಲ್ಲಿ ಸೇರಿತು. ಸಂತೋಷ. ಆದರೆ 'ಕಂಪ್ಯೂಟರಿನ ಉಪಯೋಗಗಳನ್ನು ವಿವರಿಸಿ' ಎಂದು ಬರೆಸಿ ಅಂಕ ಕೊಟ್ಟರೆ ಸಾಕೇ? ದಡದಲ್ಲಿ ಕೂರಿಸಿ ಈಜು ಪರೀಕ್ಷಿಸಿದಂತಾಗದೇ?

2020ರಲ್ಲಿ ಕೋವಿಡ್‌ನಿಂದ ಇಲ್ಲಿ ಶಾಲೆ ಮುಚ್ಚಿ ಪಾಠಗಳು ಪರದೆಗೆ ಬಂದಾಗ ನಾವು ಮನೆಯಲ್ಲೇ ಕಂಡೆವು: ಮೈಕ್ ಆನ್ ಮಾಡುವುದನ್ನು ಮಕ್ಕಳೇ ಟೀಚರಿಗೆ ಹೇಳಿಕೊಟ್ಟರು! ತಪ್ಪು ಟೀಚರದಲ್ಲ, ಅವರನ್ನು ತೇರ್ಗಡೆ ಮಾಡಿದ ಪರೀಕ್ಷೆಯದು.

ಬೋಧನಾಭ್ಯಾಸದಲ್ಲೇ, ತುಂಬಿದ ತರಗತಿಯ ಮುಂದೆ, ಈ ಪರೀಕ್ಷೆ ನಡೆಯಲಿ. ಕರೆಂಟು ಹೋದಾಗ ಸೀಮೆಸುಣ್ಣ ಹಿಡಿದು ಪಾಠ ಮುಂದುವರಿಸಿದವರಿಗೂ ಅಂಕ ಸಿಗಲಿ. ಏನಂತೀರಿ?