ಕೊಟ್ಟ ಮಾತು, ಮರಳಿದ ದಾರಿ

ನುಡಿದಂತೆ ನಡೆಯುವುದು ಮನುಷ್ಯನ ದೊಡ್ಡ ಗುಣ. ಆದರೆ ಆ ನುಡಿಯನ್ನು ಯಾರಿಗೆ, ಯಾವ ಕಾರ್ಯಕ್ಕಾಗಿ ಕೊಡಲಾಗಿದೆ ಎಂಬ ವಿವೇಚನೆ ತಪ್ಪಿದರೆ ಸತ್ಯನಿಷ್ಠೆಯೂ ಅನ್ಯಾಯದ ಊಳಿಗಕ್ಕೆ ಸಿಲುಕುತ್ತದೆ. ಜರ್ಮನಿಯ ‘ಊರ್‌ಲೌಪ್ ಔಫ್ ಏರೆನ್‌ವೋರ್ಟ್’ ಎಂಬ ಚಲನಚಿತ್ರ ಇದಕ್ಕೆ ನಿದರ್ಶನವಾಗಿದೆ. ಮಾತಿನ ಭರವಸೆಯ ಮೇಲೆ ಕೊಟ್ಟ ರಜೆ ಎಂಬುದು ಆ ಹೆಸರಿನ ಅರ್ಥ.

ರಣರಂಗಕ್ಕೆ ಹೊರಟ ಸೈನಿಕರ ದಳವೊಂದು ಬರ್ಲಿನ್ ನಗರದಲ್ಲಿ ಕೆಲವು ಗಂಟೆಗಳ ಕಾಲ ತಂಗುತ್ತದೆ. ಹಲವರ ಮನೆ ಅದೇ ಊರಿನಲ್ಲಿದೆ. ರಜೆ ಕೊಡಕೂಡದೆಂಬ ಆಜ್ಞೆಯಿದ್ದರೂ ತರುಣ ಅಧಿಕಾರಿಯು ಮರಳಿ ಬರುವೆವೆಂಬ ಮಾತನ್ನಷ್ಟೇ ಪಡೆದು ಅವರನ್ನು ಮನೆಗೆ ಕಳಿಸುತ್ತಾನೆ. ತಪ್ಪಿದರೆ ಶಿಕ್ಷೆ ಅವನಿಗೂ ಉಂಟು. ಕಾವಲಿನ ಬದಲು ವಿಶ್ವಾಸವನ್ನಿಟ್ಟ ಆತನ ಅಂತಃಕರಣ ನಿಜಕ್ಕೂ ಹಿರಿದು.

ಈ ಕಥೆ ಎರಡು ಸಲ ತೆರೆಗೆ ಬಂದಿತು. ನಾಜಿ ಆಳ್ವಿಕೆಯಲ್ಲಿ, 1938ರಲ್ಲಿ, ಕಾರ್ಲ್ ರಿಟ್ಟರ್ ಅದನ್ನು ಮೊದಲನೆಯ ಮಹಾಯುದ್ಧದ ಕಥೆಯಾಗಿ ನಿರ್ದೇಶಿಸಿದನು. ಅಲ್ಲಿ ಸೈನಿಕರೆಲ್ಲರೂ ಮಾತಿಗೆ ತಪ್ಪದೆ ಮರಳುತ್ತಾರೆ. ಮರುವರ್ಷವೇ ಹೊಸ ಯುದ್ಧಕ್ಕೆ ಹೊರಡಬೇಕಾಗಿದ್ದ ತರುಣರಿಗೆ ಅದು ಒಪ್ಪುವ ಪಾಠವಾಗಿತ್ತು. 1955ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ವೋಲ್ಫ್‌ಗಾಂಗ್ ಲೀಬೆನೈನರ್ ಅದೇ ಕಥೆಯನ್ನು ಎರಡನೆಯ ಮಹಾಯುದ್ಧಕ್ಕೆ ಹೊಂದಿಸಿ ಮತ್ತೆ ಚಿತ್ರಿಸಿದನು. ಅದೇ ವರ್ಷದ ನವೆಂಬರಿನಲ್ಲಿ ಆ ದೇಶದ ಹೊಸ ಸೇನೆಯೂ ಹುಟ್ಟಿತು.

ಯುದ್ಧ ಬದಲಾದೊಡನೆ ಮಾತಿನ ಅರ್ಥವೂ ಬದಲಾಗುತ್ತದೆ. 1934ರ ಆಗಸ್ಟಿನಿಂದ ಜರ್ಮನ್ ಸೈನಿಕನು ದೇಶದ ಹೆಸರಿನಲ್ಲಲ್ಲ, ಹಿಟ್ಲರನೆಂಬ ಒಬ್ಬ ವ್ಯಕ್ತಿಗೆ ನಿಷ್ಠೆಯ ಪ್ರಮಾಣ ಮಾಡಬೇಕಿತ್ತು. ಮೊದಲನೆಯ ಯುದ್ಧದಲ್ಲಿ ಜರ್ಮನ್ ಸೇನೆ ಮರಣದಂಡನೆಗೆ ಗುರಿಪಡಿಸಿದ ತನ್ನ ಸೈನಿಕರು 48 ಮಂದಿ. ಎರಡನೆಯದರಲ್ಲಿ ಸುಮಾರು 20,000. ಅವರಲ್ಲಿ ಬಹುಪಾಲು ಜನ ಸೇನೆ ತೊರೆದವರು. ಕೊರಳಿಗೆ ಕುಣಿಕೆ ತೋರಿಸಿ ಪಡೆದ ಮಾತು ಮಾತಾದೀತೇ? ಇಲ್ಲವೆನ್ನಲು ಎಡೆಯಿರುವಲ್ಲಿ ಮಾತ್ರ ಹೌದೆಂಬ ನುಡಿಗೆ ಬೆಲೆ.

ಕನ್ನಡಿಗರಿಗೆ ಇಲ್ಲಿ ಗೋವಿನ ಹಾಡಿನ ಪುಣ್ಯಕೋಟಿ ನೆನಪಾಗದಿರದು. ಕರುವಿಗೆ ಹಾಲೂಡಿ ಮರಳಿ ಬಂದ ಆ ಹಸುವಿನ ಸತ್ಯಕ್ಕೆ ಹುಲಿಯ ಎದೆಯೇ ಕರಗಿತು. ಬರ್ಲಿನ್ನಿನಿಂದ ಮರಳಿದವರ ಎದುರಿಗಿದ್ದ ಹುಲಿ ಕರಗುವಂಥದಲ್ಲ. ಅದು ಅವರ ಸತ್ಯವನ್ನೇ ಮೇವಾಗಿಸಿಕೊಂಡಿತು. ಪುಣ್ಯಕೋಟಿ ತನ್ನ ಪ್ರಾಣವನ್ನಷ್ಟೇ ಒಪ್ಪಿಸಲು ಬಂದಳು. ಈ ಸೈನಿಕರು ಪರರ ಪ್ರಾಣ ತೆಗೆಯಲೂ ಹೊರಟವರು.

ಹಾಗೆಂದು ಮರಳಿದವರನ್ನು ಹಳಿಯುವುದು ಸಲ್ಲದು. ಜೊತೆಗಾರನನ್ನು ಕೈಬಿಡಬಾರದು, ನಂಬಿದ ಅಧಿಕಾರಿಗೆ ಕೇಡಾಗಬಾರದು ಎಂಬ ಭಾವ ಶುದ್ಧವಾದುದೇ. ಆ ಶುದ್ಧಭಾವವನ್ನು ದುಷ್ಕಾರ್ಯಕ್ಕೆ ಬಳಸಿಕೊಂಡವರದೇ ಪಾಪ. ಆದರೆ ಮರಳದವರನ್ನು ಮಾತಿಗೆ ತಪ್ಪಿದ ಹೇಡಿಗಳೆಂದು ಕರೆದುದೂ ಅನ್ಯಾಯವೇ. ಅವರಿಗೆ ವಿಧಿಸಿದ್ದ ಶಿಕ್ಷೆಗಳನ್ನು ಜರ್ಮನಿಯ ಸಂಸತ್ತು ರದ್ದುಪಡಿಸಿದ್ದು 2002ರಲ್ಲಿ, ಯುದ್ಧ ಮುಗಿದ 57 ವರ್ಷಗಳ ಬಳಿಕ.

ಮಾತು ಉಳಿಸಿಕೊಳ್ಳುವುದು ಧರ್ಮ. ಮಾತು ಕೊಡುವ ಮುನ್ನ ಕೇಳುವವನಾರು, ಕೇಳುವುದೇತಕ್ಕೆ ಎಂದು ಅರಿಯುವುದು ಅದಕ್ಕಿಂತ ಮೊದಲಿನ ಧರ್ಮ. ಅರಿವಿಲ್ಲದ ನಿಷ್ಠೆ ಕಣ್ಣು ಕಟ್ಟಿದ ಎತ್ತಿನಂತೆ. ಗಾಣವನ್ನು ತಿರುಗಿಸುತ್ತದೆ, ಹಿಂಡಲಾಗುತ್ತಿರುವುದೇನೆಂದು ಕಾಣದು.