ಬೀಗದ ಕೈಗೊಂದು ಬಿನ್ನಹ

ಒಂದು ಮನೆಯ ಆಡಳಿತ ಯಾರದೆಂದು ತಿಳಿಯಬೇಕಾದರೆ ಬಾಗಿಲ ಮೇಲಿನ ಹೆಸರಿನ ಹಲಗೆಯನ್ನು ಓದಿ ಪ್ರಯೋಜನವಿಲ್ಲ. ಬೀಗದ ಕೈ ಗೊಂಚಲು ಯಾರ ಸೊಂಟದಲ್ಲಿದೆಯೆಂದು ನೋಡಬೇಕು. ನಮ್ಮ ಊರ ಕಡೆಯ ಮನೆಗಳಲ್ಲಿ ಅತ್ತೆಯಿಂದ ಸೊಸೆಗೆ ರಾಜ್ಯಭಾರ ವರ್ಗವಾಗುತ್ತಿದ್ದುದು ಈ ಗೊಂಚಲಿನ ಮೂಲಕವೇ. ಆಮೇಲೆ ಉಗ್ರಾಣವೂ ಅವಳದು, ಪೆಟ್ಟಿಗೆಯೂ ಅವಳದು. ಮತ್ತೆ ನಮ್ಮ ಭಾಷೆಯ ಜಾಣತನವನ್ನಾದರೂ ನೋಡಿ: ಬೀಗಕ್ಕೆ ನಾವು ‘ಕೈ’ಯನ್ನು ಕೊಟ್ಟಿದ್ದೇವೆ. ಆ ಕೈ ನಮ್ಮ ಕೈಯಲ್ಲಿರುವವರೆಗೆ ಒಡೆತನ ನಮ್ಮದು.

ಈಚೆಗೆ ಬರುತ್ತಿರುವ ಬೆಲೆಬಾಳುವ ವಿದ್ಯುತ್ ಕಾರುಗಳ ಸಂಗತಿ ಹಾಗಲ್ಲ. ಅಲ್ಲಿ ಬೀಗವುಂಟು, ಕೈಯಿಲ್ಲ. ಕೆಲವಕ್ಕೆ ನಶ್ಯದ ಡಬ್ಬಿಯಷ್ಟು ದೊಡ್ಡ ರಿಮೋಟು. ಕೆಲವಕ್ಕೆ ಬ್ಯಾಂಕಿನವರು ಕೊಡುವಂಥ ಕಾರ್ಡು. ಕೆಲವಕ್ಕೆ ಮೊಬೈಲ್ ಫೋನೇ ಬೀಗದ ಕೈ. 2025 ರ ಜುಲೈಯಲ್ಲಿ ಟೆಸ್ಲಾ ಕಂಪನಿಯವರು ಮುಂಬಯಿಯ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನಲ್ಲಿ ಮಳಿಗೆ ತೆರೆದು ಮಾರತೊಡಗಿದ ಮಾಡೆಲ್ ವೈ ಕಾರು ಈ ಕೊನೆಯ ಜಾತಿಯದು. ಫೋನು ಜೇಬಿನಲ್ಲಿದ್ದರೆ ಬಾಗಿಲು ಒಪ್ಪುತ್ತದೆ. ಇಲ್ಲವಾದರೆ ಎರಡು ಬಾಗಿಲುಗಳ ನಡುವಿನ ಕಂಬಕ್ಕೆ ಕಾರ್ಡನ್ನು ಮುಟ್ಟಿಸಬೇಕು. ಇನ್ನು ಪುಣೆಯ ಹತ್ತಿರದ ಚಾಕಣದಲ್ಲಿ ಜೋಡಣೆಗೊಂಡು 2022 ರಲ್ಲಿ ಹೊರಬಂದ ಮರ್ಸಿಡಿಸ್ ಬೆಂಜ್ ಇಕ್ಯೂಎಸ್ 580 ಕಾರಿನ ವೈಭವವೋ ವೈಭವ. ಅಂದಿನ ಬೆಲೆ 1 ಕೋಟಿ 55 ಲಕ್ಷ ರೂಪಾಯಿ. ಚಾಲಕನ ಮುಂದೆ ಈ ತುದಿಯಿಂದ ಆ ತುದಿಯವರೆಗೆ 1.41 ಮೀಟರ್ ಅಗಲದ ಗಾಜಿನ ಫಲಕ. ಆದರೆ ಮುಂದಿನ ಬಾನೆಟ್ಟನ್ನು ಮಾತ್ರ ಮಾಲಿಕರು ತೆರೆಯುವಂತಿಲ್ಲ; ಅದು ಕಂಪನಿಯ ಕೆಲಸಗಾರರಿಗೆ ಮೀಸಲು. ಗಾಜು ತೊಳೆಯುವ ನೀರನ್ನು ಹೊಯ್ಯುವುದಕ್ಕೆಂದು ಮಗ್ಗುಲಲ್ಲಿ ಒಂದು ಪುಟ್ಟ ಕಿಂಡಿಯಿಟ್ಟು ಸಮಾಧಾನ ಹೇಳಿದ್ದಾರೆ. ಕೋಟಿ ಸುರಿದ ಮೇಲೂ ಉಗ್ರಾಣದ ಕೈ ಅತ್ತೆಯ ಸೊಂಟದಲ್ಲಿಯೇ ಉಳಿಯಿತು!

“ಸ್ವಾಮಿ, ಲೋಕಲ್ ರೈಲಿನಲ್ಲಿ ಒಂದು ಕಾಲೂರಿ ನಿಲ್ಲಲು ಜಾಗ ಸಿಕ್ಕರೆ ಸಾಕೆನ್ನುವ ನಮಗೆ ಕೋಟಿ ರೂಪಾಯಿಯ ಕಾರಿನ ಗೊಡವೆಯೇಕೆ?” ಎಂದು ವಾಚಕರು ಕೇಳಿಯಾರು. ನ್ಯಾಯವಾದ ಪ್ರಶ್ನೆ. ಆದರೆ ಶ್ರೀಮಂತರ ಕಾರಿನ ಸೌಕರ್ಯಗಳು ಮಳೆಯ ನೀರಿದ್ದಂತೆ. ಮೊದಲು ಗುಡ್ಡದ ಮೇಲೆ ಬಿದ್ದರೂ ಕಡೆಗೆ ಇಳಿದು ಬರುವುದು ತಗ್ಗಿನಲ್ಲಿರುವ ನಮ್ಮ ಗದ್ದೆಗೇ. ಬೀಗದ ಕೈಯನ್ನು ಜೇಬಿನಿಂದ ತೆಗೆಯದೆಯೇ ಬಾಗಿಲು ತೆರೆದು, ಗುಂಡಿಯೊತ್ತಿ ಹೊರಡುವ ಸೌಕರ್ಯ 1998 ರ ಸುಮಾರಿಗೆ ಬೆಂಜ್ ಕಂಪನಿಯ ದೊಡ್ಡ ಕಾರಿನಲ್ಲಿ ಕಾಣಿಸಿಕೊಂಡಿತು. ಇಂದು ಹತ್ತು ಲಕ್ಷದೊಳಗಿನ ಕಾರುಗಳಲ್ಲಿಯೂ ಅದು ಸಿಗುತ್ತದೆ. ಆದುದರಿಂದ ಗುಡ್ಡದ ಮೇಲೆ ಎಂಥ ಮಳೆ ಬೀಳಬೇಕೆಂದು ಈಗಲೇ ಬಿನ್ನಹ ಮಾಡಿಕೊಳ್ಳುವುದು ಲೇಸು.

ಸೌಕರ್ಯವೆಂದರೆ ಬರಿಯ ಷೋಕಿಯೆಂದು ಮೂಗು ಮುರಿಯುವವರ ಪಕ್ಷ ನಮ್ಮದಲ್ಲ. ಮೋಟಾರಿನ ಚರಿತ್ರೆಯನ್ನೇ ನೋಡಿ. ಮೊದಮೊದಲ ಕಾರುಗಳ ಮುಂದೆ ನಿಂತು ಕಬ್ಬಿಣದ ಹ್ಯಾಂಡಲನ್ನು ತಿರುವಿ ಎಂಜಿನನ್ನು ಎಬ್ಬಿಸಬೇಕಾಗಿತ್ತು. ಅದು ಒಮ್ಮೊಮ್ಮೆ ಸಿಟ್ಟಿನಿಂದ ಹಿಂದಕ್ಕೆ ಒದ್ದು ತಿರುವಿದವನ ಮಣಿಕಟ್ಟನ್ನೇ ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬಾತ ರೂಪಿಸಿದ ವಿದ್ಯುತ್ ಸ್ಟಾರ್ಟರು 1912 ರ ಕ್ಯಾಡಿಲ್ಯಾಕ್ ಕಾರಿಗೆ ಬಂದಿತು. ಮಣಿಕಟ್ಟುಗಳು ಉಳಿದವು, ತೋಳಿನ ಬಲವಿಲ್ಲದವರೂ ಕಾರು ಹೊರಡಿಸುವಂತಾಯಿತು. ದೂರದಿಂದಲೇ ಗುಂಡಿಯೊತ್ತಿ ಬೀಗ ತೆಗೆಯುವ ರಿಮೋಟನ್ನು 1982 ರಲ್ಲಿ ಫ್ರಾನ್ಸಿನ ರೆನೋ ಕಂಪನಿ ತನ್ನ ಫ್ಯುಯೇಗೋ ಕಾರಿಗೆ ಕೊಟ್ಟಿತು. ಮಳೆಯಲ್ಲಿ, ಕತ್ತಲೆಯಲ್ಲಿ ಬೀಗದ ಕಂಡಿಯನ್ನು ತಡಕುವುದು ತಪ್ಪಿತು. ಯಾರದೋ ನೋವನ್ನು ಕಂಡು ಹುಟ್ಟಿದುದು ಸೌಕರ್ಯ. ಯಾರ ನೋವನ್ನೂ ಕಾಣದೆ ಹುಟ್ಟಿದುದು ಆಡಂಬರ. ಈ ತಕ್ಕಡಿಯನ್ನು ಕೈಯಲ್ಲಿ ಹಿಡಿದೇ ನಾವು ನಮ್ಮ ಬೇಡಿಕೆಗಳನ್ನು ಮುಂದಿಡುತ್ತೇವೆ.

ಒಂದನೆಯದು: ಬೀಗದ ಕೈಯೆಂಬುದು ಒಂದು ಇರಲಿ. ಫೋನು ಬೇಡವೆನ್ನುವುದಿಲ್ಲ, ಅದು ಎರಡನೆಯ ಹೆಂಡತಿಯಂತೆ ಬಂದು ಮೊದಲನೆಯವಳನ್ನು ಮನೆಯಿಂದ ಹೊರಡಿಸಬಾರದು, ಅಷ್ಟೆ. ಆ ರಿಮೋಟಿನಲ್ಲಿ ನಾಲ್ಕೇ ಗುಂಡಿಗಳಿರಲಿ. ಕನ್ನಡಕವಿಲ್ಲದೆ, ಕತ್ತಲೆಯಲ್ಲಿ, ಬೆರಳು ತಡವಿದರೆ ಗೊತ್ತಾಗುವಂತೆ ಒಂದೊಂದರ ಮೈಯೂ ಬೇರೆಬೇರೆಯಾಗಿರಲಿ.

ಎರಡನೆಯದು: ಅದು ಮಾತಿಗೆ ಉತ್ತರ ಕೊಡಲಿ. ಮೂರನೆಯ ಮಹಡಿಗೆ ಹತ್ತಿ ಬಂದು ಚಪ್ಪಲಿ ಕಳಚಿದ ಮೇಲೆ “ಬೀಗ ಹಾಕಿದೆನೋ ಇಲ್ಲವೋ” ಎಂಬ ಸಂಶಯ ಹುಟ್ಟುವುದು ಮನುಷ್ಯಸಹಜ. ಗುಂಡಿಯೊತ್ತಿದರೆ ಬೀಗ ಬಿದ್ದಿದ್ದಲ್ಲಿ ಹಸಿರು, ಇಲ್ಲವಾದರೆ ಕೆಂಪು ದೀಪ ಮಿನುಗಿದರೆ ಸಾಕು. ಬ್ಯಾಟರಿಯಲ್ಲಿ ಎಷ್ಟು ಶಕ್ತಿ ಉಳಿದಿದೆಯೆಂಬುದನ್ನೂ ನಾಲ್ಕು ಚುಕ್ಕೆಗಳಲ್ಲಿ ಹೇಳಬಹುದು. ಬಿ.ಎಂ.ಡಬ್ಲ್ಯು. ಕಂಪನಿಯವರು 2015 ರ 7 ಸೀರೀಸ್ ಕಾರಿನೊಡನೆ ಪುಟ್ಟ ಪರದೆಯುಳ್ಳ ಬೀಗದ ಕೈಯನ್ನೇ ತಂದರು. ಆದರೆ ಅದನ್ನೂ ಆಗಾಗ ಚಾರ್ಜು ಮಾಡಬೇಕಾಗಿತ್ತು. ಕುದುರೆಗೆ ಹುಲ್ಲು ಹಾಕುವುದೇ ಒಂದು ಕೆಲಸವಾಗಿರುವಾಗ ಚಾವಟಿಗೂ ಹುಲ್ಲು ಹಾಕು ಎಂದರೆ ಹೇಗೆ? ನಮಗೆ ದೀಪವೇ ಸಾಕು.

ಮೂರನೆಯದು: ತಂಪಿನ ಗುಂಡಿ. ವಿದ್ಯುತ್ ಕಾರಿಗೆ ಹೊಗೆಯುಗುಳುವ ಎಂಜಿನ್ನಿಲ್ಲವಾದ್ದರಿಂದ, ಅದು ನಿಂತಲ್ಲಿಯೇ ಸದ್ದಿಲ್ಲದೆ ಒಳಗನ್ನು ತಂಪು ಮಾಡಬಲ್ಲುದು. ಈಗ ಬಹುಮಟ್ಟಿಗೆ ಇದನ್ನು ಫೋನಿನಿಂದ ಮಾಡಿಸಬೇಕು. ಮೇ ತಿಂಗಳ ಮಧ್ಯಾಹ್ನ ಚೆನ್ನೈಯಲ್ಲಿಯೋ ಹೈದರಾಬಾದಿನಲ್ಲಿಯೋ ಬಿಸಿಲಿಗೆ ನಿಂತ ಕಾರಿನೊಳಗೆ ಕಾಲಿಟ್ಟವರಿಗೆ ಆ ಗುಂಡಿ ರಿಮೋಟಿನಲ್ಲಿಯೇ ಏಕಿರಬೇಕೆಂದು ವಿವರಿಸಬೇಕಾಗಿಲ್ಲ.

ನಾಲ್ಕನೆಯದು ಕಳ್ಳರ ವಿಷಯ. ಕಾರು ಮತ್ತು ರಿಮೋಟು ರೇಡಿಯೋ ಅಲೆಗಳ ಮೂಲಕ ಪಿಸುಮಾತನಾಡುತ್ತವೆ. ಹತ್ತಿರ ಬಂದಾಗ ಕಾರು “ಯಾರು?” ಎನ್ನುತ್ತದೆ, ರಿಮೋಟು “ನಾನೇ” ಎನ್ನುತ್ತದೆ. ಒಬ್ಬ ಕಳ್ಳ ಕಾರಿನ ಬಳಿಯೂ ಇನ್ನೊಬ್ಬ ಮನೆಯ ಬಾಗಿಲ ಬಳಿಯೂ ನಿಂತು ಈ ಪಿಸುಮಾತನ್ನು ಯಂತ್ರಗಳಿಂದ ದಾಟಿಸಿದರೆ, ರಿಮೋಟು ದೇವರ ಕೋಣೆಯ ಗೂಡಿನಲ್ಲಿದ್ದರೂ ಪಕ್ಕದಲ್ಲಿಯೇ ಇದೆಯೆಂದು ಕಾರು ನಂಬಿಬಿಡುತ್ತದೆ. 2018 ರಲ್ಲಿ ಬೆಲ್ಜಿಯಮ್ಮಿನ ಲ್ಯೂವೆನ್ ವಿಶ್ವವಿದ್ಯಾಲಯದ ಸಂಶೋಧಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಟೆಸ್ಲಾ ಮಾಡೆಲ್ ಎಸ್ ಕಾರಿನ ರಿಮೋಟನ್ನು ಕೆಲವೇ ಕ್ಷಣಗಳಲ್ಲಿ ನಕಲು ಮಾಡಿ ತೋರಿಸಿದರು. ಕಂಪನಿಯವರು ಆಮೇಲೆ ರಕ್ಷಣೆಯನ್ನು ಬಲಪಡಿಸಿದರು. ಇದಕ್ಕೆ ಮದ್ದೂ ಇದೆ. ರೇಡಿಯೋ ಅಲೆ ಒಂದು ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನಲ್ಲಿ ಹೋಗುವುದು ಸುಮಾರು 30 ಸೆಂಟಿಮೀಟರ್. ಹೋಗಿಬರಲು ಹಿಡಿದ ಕಾಲವನ್ನು ಅಳೆದು ದೂರವನ್ನು ಗಣಿಸುವ ಅಲ್ಟ್ರಾ ವೈಡ್‌ಬ್ಯಾಂಡ್ ಎಂಬ ಕ್ರಮ ಹೊಸ ಕಾರುಗಳಲ್ಲಿ ಬರುತ್ತಿದೆ. ಅದರ ಜೊತೆಗೆ, ಗೂಡಿನಲ್ಲಿ ಅಲುಗಾಡದೆ ಬಿದ್ದ ರಿಮೋಟು ತಾನೂ ನಿದ್ದೆಹೋಗುವಂತಿರಲಿ. ರಾತ್ರಿ ಬಾಗಿಲು ತಟ್ಟಿದವರಿಗೆಲ್ಲ “ನಾನೇ” ಎನ್ನುವ ಚಾಳಿ ಒಳ್ಳೆಯದಲ್ಲ.

ಇವೆಲ್ಲ ದೂರದ ದೇಶಗಳ ಚಾತುರ್ಯ, ನಮ್ಮವರು ಬರಿದೆ ಕೊಳ್ಳುವವರು ಎಂದು ಯಾರೂ ಭಾವಿಸಬೇಡಿ. 2001 ರಲ್ಲಿಯೇ ಪುಟ್ಟ ವಿದ್ಯುತ್ ಕಾರನ್ನು ಬೀದಿಗಿಳಿಸಿದುದು ಬೆಂಗಳೂರಿನ ರೇವಾ ಕಂಪನಿ. ಅವರೇ 2009 ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ‘ರಿವೈವ್’ ಎಂಬ ಏರ್ಪಾಡನ್ನು ತೋರಿಸಿದರು. ಬ್ಯಾಟರಿ ಬರಿದಾಗಿ ಕಾರು ನಡುದಾರಿಯಲ್ಲಿ ನಿಂತರೆ ಕಂಪನಿಗೆ ಫೋನು ಮಾಡಬೇಕು, ಇಲ್ಲವೆ ಸಂದೇಶ ಕಳಿಸಬೇಕು. ಅವರು ಅಲ್ಲಿಂದಲೇ ಬ್ಯಾಟರಿಯಲ್ಲಿ ಕಾದಿರಿಸಿದ ಒಂದಿಷ್ಟು ಶಕ್ತಿಯನ್ನು ಬಿಡುಗಡೆ ಮಾಡುತ್ತಾರೆ. ತಿಂಗಳ ಕೊನೆಗೆ ಅಮ್ಮ ಸಾಸಿವೆ ಡಬ್ಬಿಯಿಂದ ನೋಟು ತೆಗೆದು ಕೊಡುತ್ತಿರಲಿಲ್ಲವೆ? ಅದೇ ಉಪಾಯ! ಮಹೀಂದ್ರಾ ಕಂಪನಿಯ ಕೈಸೇರಿದ ಮೇಲೆ 2013 ರಲ್ಲಿ ಹೊರಟ ಇ2ಒ ಕಾರಿಗೂ ಅದು ಬಂದಿತು. ದಾರಿಯಲ್ಲಿ ನಿಂತವನ ಕಷ್ಟವನ್ನು ಮೊದಲೇ ಊಹಿಸಿದ ಸೌಕರ್ಯವದು. ನಮ್ಮ ತಕ್ಕಡಿಯಲ್ಲಿ ಪೂರ್ತಿ ತೂಗುತ್ತದೆ.

ಈಗ ಐದನೆಯ ಬೇಡಿಕೆ. ಇದೊಂದನ್ನು ನಡೆಸಿಕೊಟ್ಟು ಮೊದಲ ನಾಲ್ಕನ್ನು ಹರಿದೊಗೆದರೂ ನಮಗೆ ಬೇಸರವಿಲ್ಲ.

ಈ ಹೊಸ ಕಾರುಗಳಲ್ಲಿ ಹಲವಕ್ಕೆ ಬಾಗಿಲ ಹಿಡಿ ಹೊರಗೆ ಕಾಣುವುದಿಲ್ಲ, ಮೈಯೊಳಗೆ ಅಡಗಿರುತ್ತದೆ. ಊರಿನಿಂದ ಬಂದ ಅಜ್ಜಿ ನಿಲ್ದಾಣದಲ್ಲಿ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಏನೋ ಮಗು, ಇದಕ್ಕೆ ಬಾಗಿಲು ಇಡೋದನ್ನೇ ಮರೆತಿದಾರಲ್ಲೋ!” ಎಂದರೆ ಮೊಮ್ಮಗ ನಗುತ್ತಾನೆ: “ಇದೆ ಅಜ್ಜೀ, ಇಲ್ಲಿ ಒತ್ತಿದ್ರೆ ಬರತ್ತೆ.” ಇದು ನಗುವ ಮಾತು. ನಗಲಾಗದ ಮಾತು ಮುಂದಿದೆ.

ಇಕ್ಯೂಎಸ್ ಕಾರಿನ ದೊಡ್ಡ ಬ್ಯಾಟರಿ 107.8 ಕಿಲೋವಾಟ್-ಅವರ್‌ನದು, ಒಂದು ಸಂಸಾರದ ಮನೆಯನ್ನು ದಿನಗಟ್ಟಲೆ ಬೆಳಗಿಸಬಲ್ಲಷ್ಟು ಶಕ್ತಿ. ಆದರೆ ಸಾಮಾನ್ಯವಾಗಿ ವಿದ್ಯುತ್ ಕಾರಿನ ಬೀಗ, ಬಾಗಿಲು, ದೀಪಗಳು ಆ ದೊಡ್ಡ ಬ್ಯಾಟರಿಯ ಮಾತು ಕೇಳುವುದಿಲ್ಲ. ಅವು ನಡೆಯುವುದು 12 ವೋಲ್ಟಿನ ಬೇರೊಂದು ಸಣ್ಣ ಬ್ಯಾಟರಿಯಿಂದ. ಅದು ಸತ್ತರೆ ಕಣಜದ ತುಂಬ ಭತ್ತವಿದ್ದೂ ಒಲೆಯ ಮುಂದೆ ಉಪವಾಸ. 2025 ರ ಸೆಪ್ಟೆಂಬರಿನಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆಯು 2021 ರ ಮಾಡೆಲ್ ವೈ ಕಾರುಗಳ ಬಗೆಗೆ ವಿಚಾರಣೆ ಆರಂಭಿಸಿತು. ಸುಮಾರು 1,74,000 ಕಾರುಗಳು ಅದರ ವ್ಯಾಪ್ತಿಗೆ ಬಂದವು. ಹಿಂದಿನ ಆಸನದಲ್ಲಿ ಮಗುವನ್ನು ಕೂರಿಸಲೋ ಇಳಿಸಲೋ ಹೊರಟ ತಂದೆತಾಯಿಗಳಿಗೆ ಹೊರಗಿನಿಂದ ಬಾಗಿಲು ತೆರೆಯಲಿಲ್ಲವೆಂದು ದೂರುಗಳು ಬಂದಿದ್ದವು. ಕೆಲವರು ಕಿಟಕಿಯ ಗಾಜನ್ನೇ ಒಡೆಯಬೇಕಾಯಿತು. ಒಳಗಡೆ ಕೈಯಿಂದ ಎಳೆದು ತೆರೆಯುವ ಹಿಡಿಯಿದೆ, ನಿಜ. ಆದರೆ ಎಳೆಯ ಮಗುವಿಗೆ ಅದು ಎಟುಕಬೇಡವೆ, ತಿಳಿಯಬೇಡವೆ? ಕೆಲವು ಕಾರುಗಳಲ್ಲಿ ಹಿಂದಿನ ಬಾಗಿಲಿನ ಈ ಹಿಡಿಯನ್ನು ನೆಲಹಾಸಿನ ಕೆಳಗೋ ಬಾಗಿಲ ಜೇಬಿನ ತಳದಲ್ಲೋ ಅಡಗಿಸಿದ್ದಾರೆ. ನಿಧಿಯನ್ನು ಹಾಗೆ ಬಚ್ಚಿಡಬಹುದು, ದಾರಿಯನ್ನಲ್ಲ.

ಚೀನಾ ಸರ್ಕಾರ 2026 ರ ಫೆಬ್ರವರಿಯಲ್ಲಿ ಒಂದು ನಿಯಮವನ್ನು ಪ್ರಕಟಿಸಿತು: 2027 ರ ಜನವರಿ 1 ರಿಂದ ಹೊಸ ಮಾದರಿಯ ಕಾರುಗಳ ಬಾಗಿಲು, ಒಳಗಿನಿಂದಲೂ ಹೊರಗಿನಿಂದಲೂ, ವಿದ್ಯುತ್ತಿನ ಹಂಗಿಲ್ಲದೆ ಕೈಯಿಂದ ತೆರೆಯುವಂತಿರಬೇಕು. ನಮ್ಮ ಬಿನ್ನಹವೂ ಇದೇ. ರಿಮೋಟಿನ ಹೊಟ್ಟೆಯಲ್ಲಿ ಒಂದು ಹಳೆಯ ಕಾಲದ ಕಬ್ಬಿಣದ ಬೀಗದ ಕೈ ಮಡಚಿಕೊಂಡಿರಲಿ. ಅದಕ್ಕೆ ಬಾಗಿಲಲ್ಲಿ ಒಂದು ಕಂಡಿಯಿರಲಿ. ನಾಲ್ಕು ಬಾಗಿಲುಗಳಿಗೂ ಕಣ್ಣಿಗೆ ಕಾಣುವ, ಕೈಗೆ ಸಿಗುವ, ಎಳೆದರೆ ಬರುವ ಹಿಡಿಯಿರಲಿ. ಕಾರನ್ನು ಹೆಚ್ಚು ಬಲ್ಲವನಿಗೆ ಒಪ್ಪುವುದಲ್ಲ ಸೌಕರ್ಯ. ಏನೂ ಅರಿಯದವನ ಕೈಗೂ ಆಪತ್ಕಾಲದಲ್ಲಿ ಒದಗುವುದು ಸೌಕರ್ಯ.

ಕಂಪನಿಗಳ ಕಿವಿಗೆ ಈ ಮಾತು ಮುಟ್ಟುವವರೆಗೆ ವಾಚಕರು ಮಾಡಬಹುದಾದ ಕೆಲಸವೊಂದಿದೆ. ನಿಮ್ಮ ಮಗನೋ ಅಳಿಯನೋ ಹೊಸ ವಿದ್ಯುತ್ ಕಾರನ್ನು ಕೊಳ್ಳಲು ಹೊರಟರೆ ನೀವೂ ಜೊತೆಗೆ ಹೋಗಿ. ಅವರು ಫಲಕದ ಅಗಲವನ್ನು ಮೆಚ್ಚುತ್ತಿರಲಿ. ನೀವು ಹಿಂದಿನ ಆಸನದಲ್ಲಿ ಕುಳಿತು, ಬ್ಯಾಟರಿ ಸತ್ತಾಗ ಈ ಬಾಗಿಲು ತೆಗೆಯುವುದು ಹೇಗೆಂದು ಮಾರುವವರನ್ನು ಕೇಳಿ. ಬಾಯಲ್ಲಿ ಹೇಳಿದರೆ ಬಿಡಬೇಡಿ, ಕೈಯಲ್ಲಿ ಮಾಡಿಸಿ ನೋಡಿ. ಕಾರು ಮನೆಗೆ ಬಂದ ದಿನ ಕುಂಕುಮವಿಟ್ಟು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟ ಮೇಲೆ, ಮನೆಯ ಮಕ್ಕಳಿಗೂ ಹಿರಿಯರಿಗೂ ಒಬ್ಬೊಬ್ಬರಾಗಿ ಆ ಹಿಡಿಯನ್ನು ಎಳೆಸಿ. ಪೂಜೆ ಅಲ್ಲಿಗೆ ಪೂರ್ತಿಯಾಗುತ್ತದೆ.