ಹಾಡಿನ ಮೈದಾನಕ್ಕೆ ಹೊರಟ ಮಕ್ಕಳೊಡನೆ

2025ರ ಫೆಬ್ರುವರಿ 8 ಮತ್ತು 9ರಂದು ಇಂಗ್ಲೆಂಡಿನ ಗಾಯಕ ಎಡ್ ಶೀರನ್ ಬೆಂಗಳೂರಿನ ನೈಸ್ ಮೈದಾನದಲ್ಲಿ ಗಿಟಾರ್ ಹಿಡಿದು ಹಾಡಿದರು. ಇಂತಹ ಕಾರ್ಯಕ್ರಮಕ್ಕೆ ಇಬ್ರಾಹಿಂಪುರದ ನಮ್ಮ ಮಕ್ಕಳೂ ಹೊರಡುತ್ತೇವೆಂದರೆ ನಾವು ಏನೆನ್ನಬೇಕು?

ಈ ಮಣ್ಣಿಗೆ ಸಂಗೀತ ಹೊಸದಲ್ಲ. ‘ಕಿತಾಬೆ ನವರಸ್’ ರಚಿಸಿದ ಎರಡನೇ ಇಬ್ರಾಹಿಂ ಆದಿಲ್ ಶಾಹ್ ವಿಜಯಪುರದ ಸುಲ್ತಾನರೇ. ಆದರೆ ದೊರೆಯ ಅಭಿರುಚಿ ಧರ್ಮಕ್ಕೆ ಪ್ರಮಾಣವಲ್ಲ. ವಾದ್ಯಗಳನ್ನು ನಾಲ್ಕೂ ಮದ್‌ಹಬ್‌ಗಳ ಬಹುತೇಕ ವಿದ್ವಾಂಸರು ನಿಷಿದ್ಧವೆಂದರು. ಇಬ್ನ್ ಹಝ್ಮ್‌ರಂಥವರು ಭಿನ್ನಾಭಿಪ್ರಾಯ ತಾಳಿದರು. ಇಮಾಮ್ ಗಝ್ಝಾಲಿಯವರು ‘ಇಹ್ಯಾ’ದಲ್ಲಿ, ಆಲಿಸುವಿಕೆಗೆ ಕಾಲ, ಸ್ಥಳ, ಸಹವಾಸಗಳ ಶಿಷ್ಟಾಚಾರವನ್ನು ವಿವರಿಸಿದ್ದಾರೆ.

ನಮ್ಮ ಮನೆಗಳಲ್ಲಿ ಕೇಳಬೇಕಾದ ಪ್ರಶ್ನೆಗಳೂ ಅವೇ. ಆ ಜನಸಂದಣಿಯಲ್ಲಿ ಮಗ್ರಿಬ್, ಇಶಾ ನಮಾಝ್ ಎಲ್ಲಿ? ಅಲ್ಲಿ ಮದ್ಯವಿದೆಯೇ? ಸಂಗಡಿಗರು ಯಾರು? ಜೊತೆಗೆ, 500ಕ್ಕೂ ಹೆಚ್ಚು ಕಿಲೋಮೀಟರ್ ಪ್ರಯಾಣದ ವೆಚ್ಚ ಯಾರ ಬೆವರಿನದು? ಉತ್ತರ ಸಮಾಧಾನ ತಾರದಿದ್ದರೆ ಹೋಗಬೇಡಿರೆಂದು ನಾವು ನಿಸ್ಸಂಕೋಚವಾಗಿ ಹೇಳೋಣ.

ಆದರೆ ‘ಹರಾಮ್’ ಎಂಬ ಒಂದೇ ಮಾತಿನಿಂದ ಬಾಗಿಲು ಹಾಕಿಕೊಳ್ಳುವುದು ತರಬಿಯತ್ ಅಲ್ಲ. ಗದರಿಸಿಕೊಂಡ ಮಗು ಹೇಳದೆ ಹೋದೀತು. ಕಾರಣ ತಿಳಿದ ಮಗು ತಾನಾಗಿಯೇ ಉಳಿದೀತು. ಮೈದಾನದ ಹಾಡು ಒಂದು ರಾತ್ರಿಯದು, ಮಕ್ಕಳೊಂದಿಗಿನ ವಿಶ್ವಾಸ ಬಾಳಿನುದ್ದದ್ದು.